‘ರೆ’ ಹಾಕಿದವರು ಯಾರು?

ಮದುವೆಯ ಕರೆಯೋಲೆ ಮನೆಗೆ ಬಂದರೆ ಎಲ್ಲರೂ ಮುಹೂರ್ತ ಯಾವಾಗ, ಊಟ ಎಲ್ಲಿ ಎಂದು ಮೊದಲು ನೋಡುತ್ತಾರೆ. ನಾನು ಕ್ರಿಯಾಪದ ಎಲ್ಲಿ ಎಂದು ನೋಡುತ್ತೇನೆ. ಮೂವತ್ತು ವರ್ಷ ಮೇಷ್ಟ್ರಾಗಿದ್ದವನಿಗೆ ಸರ್ಕಾರ ಪಿಂಚಣಿಯ ಜೊತೆಗೆ ಕಳಿಸಿಕೊಟ್ಟ ಕಾಯಿಲೆ ಇದು. ಮೊನ್ನೆ ಕನಕಪುರದ ನಂಟರ ಮನೆಯಿಂದ ನಾಲ್ಕು ಮೂಲೆಗೂ ಅರಿಸಿನ ಹಚ್ಚಿದ ಓಲೆಯೊಂದು ಬಂತು. ‘ದೇವರ ಅನುಗ್ರಹದಿಂದಲೂ ಗುರುಹಿರಿಯರ ಆಶೀರ್ವಾದದಿಂದಲೂ ನನ್ನ ಜ್ಯೇಷ್ಠ ಪುತ್ರಿಯ ವಿವಾಹವನ್ನು ನೆರವೇರಿಸಲು ನಿಶ್ಚಯಿಸಿರುವುದರಿಂದ ತಾವು ಸಕುಟುಂಬ ಸಮೇತರಾಗಿ ಆಗಮಿಸಿ ವಧೂವರರನ್ನು ಆಶೀರ್ವದಿಸಬೇಕಾಗಿ ಕೋರುವ’ ಎಂದು ಏದುಸಿರು ಬಿಡುತ್ತಾ ಓಡಿಬಂದು, ‘ತಮ್ಮ ವಿಧೇಯ’ ಎಂದು ಸಹಿಯ ಮೇಲೆ ಬಿದ್ದುಬಿಟ್ಟಿತು. ಪ್ರಧಾನ ವಾಕ್ಯವೇ ಇಲ್ಲ. ದಿಬ್ಬಣವೆಲ್ಲ ಬಂದಿದೆ, ಮದುಮಗನೇ ನಾಪತ್ತೆ. ನಾನು ಕೆಂಪು ಪೆನ್ಸಿಲು ತೆಗೆದು ಅಡಿಯಲ್ಲಿ ಒಂದು ಗೀಟೆಳೆದೆ.

ನನ್ನ ಹೆಂಡತಿ ಅದನ್ನು ನೋಡಿ ಹಣೆ ಚಚ್ಚಿಕೊಂಡಳು. “ಶುಭಪತ್ರಿಕೆಗೆ ಯಾರಾದರೂ ಗೀಟು ಹಾಕ್ತಾರೇನ್ರೀ? ನಿಮಗೆ ಯಮನ ಓಲೆ ಬಂದ್ರೂ ಕಾಗುಣಿತ ತಿದ್ದಿಯೇ ಹೊರಡ್ತೀರಿ” ಎಂದಳು. ಅವಳ ಮಾತು ತೆಗೆದುಹಾಕುವಂಥದಲ್ಲ. ಯಮನ ಕಚೇರಿಯ ಗುಮಾಸ್ತ ಹೇಗೆ ಬರೆಯುತ್ತಾನೋ ಯಾರು ಕಂಡವರು?

ಈ ಮಿಶ್ರ ವಾಕ್ಯದ ಹುಚ್ಚು ನನಗೆ ಹಿಡಿದದ್ದು ಶಾಲೆಯಲ್ಲಲ್ಲ, ಮಾಗಡಿಯಲ್ಲಿ, ನನ್ನ ಅಜ್ಜಿಯ ತೊಡೆಯ ಮೇಲೆ. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ, ಪೂರ್ಣವಿರಾಮವೂ ಬರುತ್ತಿರಲಿಲ್ಲ. “ಒಂದೂರಲ್ಲಿ ಒಬ್ಬ ರಾಜ ಇದ್ದು, ಅವನಿಗೆ ಮಕ್ಕಳಿಲ್ಲದೆ ಹೋಗಿ, ಅವನು ಕಾಡಿಗೆ ಹೊರಟು, ಅಲ್ಲಿ ಒಬ್ಬ ಮುದುಕಿ ಸಿಕ್ಕಿ, ಅವಳು ಏನಪ್ಪಾ ಅಂತ ಕೇಳಲಾಗಿ...” ಎಂದು ಹೊರಟರೆ ಅದು ನಿಲ್ಲುತ್ತಿದ್ದದ್ದು ನಾನು ನಿದ್ದೆ ಹೋದ ಮೇಲೆ. ಆ ರಾಜನಿಗೆ ಕೊನೆಗೆ ಮಕ್ಕಳಾದವೇ ಇಲ್ಲವೇ ನನಗೆ ಇಂದಿಗೂ ಗೊತ್ತಿಲ್ಲ. ಕ್ರಿಯಾಪದ ಬರುವವರೆಗೆ ಎಚ್ಚರವಾಗಿರಬೇಕು ಎಂಬ ಪಾಠವನ್ನು ಮಾತ್ರ ಕಲಿತೆ. ಅದು ಮುಂದೆ ಹೆಡ್ ಮೇಷ್ಟ್ರ ಮಾತು ಕೇಳುವಾಗ ಬಹಳ ಉಪಯೋಗಕ್ಕೆ ಬಂತು.

ಮೈಸೂರಿನಲ್ಲಿ ಮೇಷ್ಟ್ರ ತರಬೇತಿ ಮುಗಿಸಿಕೊಂಡು, ಮೀಸೆ ಇನ್ನೂ ಸರಿಯಾಗಿ ಬಲಿಯದ ವಯಸ್ಸಿನಲ್ಲಿ, ನಾನು ಚನ್ನಪಟ್ಟಣದ ಒಂದು ಶಾಲೆಗೆ ಬಂದೆ. ಅದು ಮಹಾರಾಜರ ಕಾಲ. ರಾಮನಗರವನ್ನು ಜನ ಕ್ಲೋಸ್‌ಪೇಟೆ ಎನ್ನುತ್ತಿದ್ದರು. ನನ್ನ ತಲೆಯ ಮೇಲೆ ಜರಿಯಂಚಿನ ರುಮಾಲು, ತಲೆಯೊಳಗೆ ಮೂರು ಬಗೆಯ ವಾಕ್ಯಗಳು. ಸಾಮಾನ್ಯ, ಸಂಯೋಜಿತ, ಮಿಶ್ರ. ಮೊದಲ ಎರಡನ್ನು ಹುಡುಗರು ಒಂದು ವಾರದಲ್ಲಿ ನುಂಗಿದರು. ಮಿಶ್ರ ವಾಕ್ಯ ಗಂಟಲಲ್ಲಿ ಸಿಕ್ಕಿಕೊಂಡಿತು.

ಮಿಶ್ರ ವಾಕ್ಯವೆಂದರೆ ಹೆದರಬೇಡಿ. ‘ಮಳೆ ಬಂದರೆ ರಾಗಿ ಬಿತ್ತುತ್ತೇವೆ’ ಎಂದು ನೀವು ದಿನವೂ ಆಡುವುದೇ ಅದು. ‘ರಾಗಿ ಬಿತ್ತುತ್ತೇವೆ’ ಎಂಬುದು ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆ, ಅದು ಪ್ರಧಾನ. ‘ಮಳೆ ಬಂದರೆ’ ಎಂದಷ್ಟೇ ಹೇಳಿ ಸುಮ್ಮನಾದರೆ ಎದುರಿಗಿದ್ದವನು “ಬಂದರೆ ಏನು?” ಎನ್ನುತ್ತಾನೆ, ಅದು ಅಧೀನ. ಇದನ್ನು ವಿವರಿಸಲು ನಾನೊಂದು ಉಪಾಯ ಮಾಡಿದೆ. ಶಾಲೆಯ ಹಿಂದೆ ರೈಲು ಹೋಗುತ್ತಿತ್ತು. “ಪ್ರಧಾನ ವಾಕ್ಯ ಎಂಜಿನ್, ಅಧೀನ ವಾಕ್ಯ ಡಬ್ಬಿ” ಎಂದೆ. ಮೂಲೆಯಿಂದ ಒಬ್ಬ ಎದ್ದು, “ಎಂಜಿನ್ನು ಮುಂದ್ಗಡೆ ಇರ್ತದೆ ಸಾ. ನಿಮ್ ವಾಕ್ಯದಲ್ಲಿ ಹಿಂದ್ಗಡೆ ಅದಲ್ಲಾ?” ಎಂದ. ಕನ್ನಡದಲ್ಲಿ ಪ್ರಧಾನ ವಾಕ್ಯ ಕೊನೆಗೇ ಬರುವುದು ನಿಜ. “ಶಂಟಿಂಗ್ ಮಾಡೋವಾಗ ಹಿಂದೆ ಇರಲ್ವೇನೋ?” ಎಂದು ಗದರಿಸಿ ಮಾನ ಉಳಿಸಿಕೊಂಡೆ.

ಆಮೇಲೆ ಹುಡುಗರನ್ನೇ ವಾಕ್ಯ ಮಾಡಿದೆ. ಒಬ್ಬನನ್ನು ಪ್ರಧಾನ ವಾಕ್ಯವೆಂದು ಸ್ಟೂಲಿನ ಮೇಲೆ ನಿಲ್ಲಿಸಿ, ಇನ್ನೊಬ್ಬನನ್ನು ಅಧೀನ ವಾಕ್ಯವೆಂದು ಅವನ ಅಂಗಿಯ ಚುಂಗು ಹಿಡಿಸಿದೆ. ಮಾರನೆಯ ದಿನ ಪಟೇಲರೊಬ್ಬರು ದೊಣ್ಣೆ ಊರಿಕೊಂಡು ಬಂದರು. “ನಮ್ಮನೇಲಿ ಏಳು ತಲೆಯಿಂದ ಯಾರೂ ಯಾರ ಅಧೀನದಲ್ಲೂ ಇಲ್ಲ ಕಣ್ರೀ ಮೇಷ್ಟ್ರೆ” ಎಂದರು. ಅವರ ಮಗನಿಗೆ ಬಡ್ತಿ ಕೊಟ್ಟು ಸ್ಟೂಲು ಹತ್ತಿಸಿದೆ.

ಕೊನೆಗೆ ನಾನು ಹಿಡಿದದ್ದು ಸರಳವಾದ ದಾರಿ. ದಿನವೂ ಮನೆಯಲ್ಲಿ ಕೇಳಿದ ಎರಡು ಮಾತುಗಳನ್ನು ಹೊತ್ತು ತರಬೇಕು, ಎರಡನ್ನೂ ಸೇರಿಸಿ ಒಂದು ಮಾಡಬೇಕು. ಇದರಿಂದ ಊರಿನವರ ಮನೆಯ ಗುಟ್ಟೆಲ್ಲ ನನಗೆ ತಿಳಿಯಿತೇ ಹೊರತು ವ್ಯಾಕರಣ ಸುಧಾರಿಸಲಿಲ್ಲ. ‘ಅಪ್ಪನು ಬೈದದ್ದರಿಂದ ಎಮ್ಮೆ ಒದೆಯಿತು’ ಎಂದು ಒಬ್ಬ ಬರೆದ. ‘ತಾತನು ಸತ್ತದ್ದರಿಂದ ನಾವು ಪಾಯಸ ಉಂಡೆವು’ ಎಂದು ಮತ್ತೊಬ್ಬ. ಎರಡನೆಯದಕ್ಕೆ ಕೆಂಪು ಗೀಟು ಹಾಕಲು ಹೋಗಿ ಕೈ ತಡೆಯಿತು. ತಿಥಿಯ ಊಟಕ್ಕೆ ನನ್ನನ್ನೂ ಕರೆದಿದ್ದರು, ಪಾಯಸ ಚೆನ್ನಾಗಿತ್ತು.

ಈ ಹಿಂಡಿನಲ್ಲಿ ನನಗೆ ಅರ್ಥವಾಗದವನು ಒಬ್ಬನಿದ್ದ. ಹೊಂಗನೂರಿನಿಂದ ನಡೆದು ಬರುತ್ತಿದ್ದ ಪುಟ್ಟಮಲ್ಲ. ತರಗತಿಯಲ್ಲಿ ಎಬ್ಬಿಸಿ ನಿಲ್ಲಿಸಿದರೆ ಬಾಯಿಗೆ ಬೀಗ. ಆದರೆ ಅವನ ಮನೆಪಾಠ ನೋಡಬೇಕಿತ್ತು. ‘ಹುಳುವು ಹಣ್ಣಾದ ಮೇಲೆ ಎಷ್ಟು ಎಳೆಯ ಸೊಪ್ಪು ಹಾಕಿದರೂ ತಿನ್ನುವುದಿಲ್ಲ’ ಎಂದು ಬರೆದುಕೊಂಡು ಬಂದಿದ್ದ. ರೇಷ್ಮೆ ಸಾಕುವ ಮನೆಯ ಮಾತು, ಎರಡು ಅಧೀನ ವಾಕ್ಯ, ಒಂದೂ ಜಾರಿಲ್ಲ. ನಾನು ಅದರ ಪಕ್ಕದಲ್ಲಿ ‘ಭೇಷ್’ ಎಂದು ಬರೆದೆ. ಹುಡುಗನಿಗೆ ಸಭಾಕಂಪ, ಪಾಪ, ಎಂದುಕೊಂಡೆ. ಮೂರು ತಿಂಗಳಲ್ಲಿ ಅವನ ಪುಸ್ತಕದಲ್ಲಿ ಹನ್ನೆರಡು ಭೇಷ್‌ಗಳಾದವು.

ಹೀಗಿರುವಾಗ ಒಂದು ದಿನ ಪಾಠದ ನಡುವೆ ಬಾಗಿಲಲ್ಲಿ ಒಬ್ಬ ಎತ್ತರದ ಮನುಷ್ಯ ಬಂದು ನಿಂತ. ಹಣೆಯ ತುಂಬ ವಿಭೂತಿ, ಕೈಯಲ್ಲಿ ಮಡಿಸಿದ ಒಂದು ಕಾಗದ. ಪುಟ್ಟಮಲ್ಲನ ತಂದೆ ಮರಿಬಸಪ್ಪ. ಹುಡುಗ ಅಂದು ಹೊಟ್ಟೆನೋವೆಂದು ಶಾಲೆಗೆ ಬಂದಿರಲಿಲ್ಲ.

“ಎರಡು ಮಾತ್ನ ಒಂದು ಮಾಡ್ರಿ ಅಂತ ಯೋಳ್ಕೊಡೋ ಮೇಷ್ಟ್ರು ನೀವೇಯಾ?”

“ಹೌದು.”

“ಒಂದು ಮಾಡ್ಬುಟ್ರಿ. ನನ್ ಮಗಳ ಮದ್ವೆ ನಿಂತೋಯ್ತು.”

ಸಂಗತಿ ಇಷ್ಟು. ಮರಿಬಸಪ್ಪನ ಮಗಳು ನಂಜಮ್ಮನನ್ನು ಅಕ್ಕೂರಿನ ಗುರುಸಿದ್ದಪ್ಪನವರ ಮಗನಿಗೆ ಕೇಳಿದ್ದರು. ಒಳ್ಳೆಯ ಮನೆತನ, ಜಮೀನಿದ್ದವರು. ಒಪ್ಪಿಗೆಯ ಕಾಗದ ಬರೆಯಲು ಮರಿಬಸಪ್ಪ ಮಗನಿಗೆ ಹೇಳಿದ. ಮನೆಯಲ್ಲಿ ಶಾಲೆಗೆ ಹೋಗುವವನು ಅವನೊಬ್ಬನೇ. “ನಾನ್ ಯೋಳಿದ್ದು ಎರಡೇ ಮಾತು. ಹುಡ್ಗಿ ಒಪ್ಪವ್ಳೆ. ನಾವು ಕೊಡ್ತೀವಿ. ಅವ್ನು ಒಳೀಕೋಗಿ ಬರ್ಕೊಂಡ್ ಬಂದ. ನನಗೇನು ಓದಾಕ್ ಬತ್ತದಾ? ಹೆಬ್ಬೆಟ್ಟು ಒತ್ತಿ ಕಳಿಸ್ದೆ. ಈಗ ನೀವೇ ನೋಡಿ.”

ಕಾಗದ ಬಿಡಿಸಿದೆ. ಮೇಲೆ ‘ಉಭಯ ಕುಶಲೋಪರಿ ಸಾಂಪ್ರತ’ ಎಂದಿತ್ತು. ಕೆಳಗೆ, ದುಂಡು ಅಕ್ಷರದಲ್ಲಿ, ‘ನಮ್ಮ ಹುಡುಗಿಯು ಒಪ್ಪಿದರೆ ನಾವು ತಮ್ಮ ಮನೆಗೆ ಹೆಣ್ಣನ್ನು ಕೊಡುತ್ತೇವೆ.’

ನಾಚಿಕೆಯಿಂದ ಹೇಳಬೇಕಾದ ಮಾತು ಹೇಳಿಬಿಡುತ್ತೇನೆ. ಅದನ್ನು ಓದಿದಾಗ ನನಗೆ ಮೊದಲು ಆದದ್ದು ಸಂತೋಷ. ಅಧೀನ ವಾಕ್ಯ ಮುಂದೆ, ಪ್ರಧಾನ ವಾಕ್ಯ ಹಿಂದೆ, ವಿಭಕ್ತಿ ಸರಿಯಾಗಿದೆ. ಹದಿಮೂರನೆಯ ಭೇಷ್ ತುಟಿಯವರೆಗೂ ಬಂದಿತ್ತು. ಮರಿಬಸಪ್ಪನ ಮುಖ ನೋಡಿ ನುಂಗಿಕೊಂಡೆ.

ಅಕ್ಕೂರಿನಲ್ಲಿ ಶಾನುಭೋಗರು ಇದನ್ನು ಜಗಲಿಯ ಮೇಲೆ ಹತ್ತು ಜನರ ಮುಂದೆ ಓದಿದ್ದರಂತೆ. ಹುಡುಗಿ ಒಪ್ಪಿದರೆ ಎಂದರೇನು? ಯಾವ ಊರಿನಲ್ಲಿ ಹುಡುಗಿಯನ್ನು ಕೇಳಿ ಹೆಣ್ಣು ಕೊಟ್ಟಿದ್ದಾರೆ? ಇವರಿಗೆ ಬೇರೆ ಕಡೆ ಮನಸ್ಸಿದೆ, ನೆಪ ಹೇಳುತ್ತಿದ್ದಾರೆ ಎಂದು ಹತ್ತು ಜನರೂ ಹತ್ತು ಸಲ ಹೇಳಿದರು. ಗುರುಸಿದ್ದಪ್ಪನವರು ಕಾಗದ ವಾಪಸು ಕಳಿಸಿ, “ಹುಡ್ಗಿ ಒಪ್ಪಾಗಂಟ ನಮ್ ಹುಡುಗನ್ನ ಅಟ್ಟದ ಮ್ಯಾಲಿಟ್ಟಿರಾಕಾಯ್ತದಾ? ಕೈಲಾಂಚದ ಕಡೆ ಒಂದು ಹೆಣ್ಣದೆ, ನೋಡ್ಕೋತೀವಿ” ಎಂದು ಹೇಳಿಕಳಿಸಿದ್ದರು.

ಹೆಡ್ ಮೇಷ್ಟ್ರು ಎಲ್ಲವನ್ನೂ ಕಿಟಕಿಯಿಂದ ಕೇಳಿಸಿಕೊಂಡಿದ್ದರು. “ಹೋಗಿ ಸರಿಮಾಡಿ ಬನ್ನಿ. ವ್ಯಾಕರಣದಿಂದ ಮದುವೆ ನಿಂತಿತು ಅಂತ ಇನ್‌ಸ್ಪೆಕ್ಟರ ಕಿವಿಗೆ ಬಿದ್ದರೆ ನಾನು ಮುಖ ಎಲ್ಲಿಡಲಿ?” ಎಂದರು. ಶನಿವಾರ ಮಧ್ಯಾಹ್ನ ಮರಿಬಸಪ್ಪನ ಎತ್ತಿನ ಗಾಡಿಯಲ್ಲಿ ಅಕ್ಕೂರಿಗೆ ಹೊರಟೆ. ದಾರಿಯುದ್ದಕ್ಕೂ ಅವನು ನನ್ನೊಡನೆ ಒಂದು ಮಾತನ್ನೂ ಆಡಲಿಲ್ಲ, ಎತ್ತುಗಳಿಗೆ ಬೈಯುವ ನೆಪದಲ್ಲಿ ಮೇಷ್ಟ್ರ ಜಾತಿಯನ್ನೆಲ್ಲ ಬೈದ.

ಗುರುಸಿದ್ದಪ್ಪನವರು ಬಿಳಿ ಮೀಸೆಯ ಹಿರಿಯರು. ನನಗೆ ಚಾಪೆ ಹಾಸಿ, “ಕುಂತ್ಕಳಿ ಮೇಷ್ಟ್ರೆ, ಒಸಿ ಮಜ್ಜಿಗೆ ಕುಡೀರಿ” ಎಂದರು. ಮರಿಬಸಪ್ಪನಿಗೂ ಮಜ್ಜಿಗೆ ಬಂತು, ಆದರೆ ಅವನ ಕಡೆ ಅವರು ತಿರುಗಲಿಲ್ಲ. ನಾನು ಗಂಟಲು ಸರಿಮಾಡಿಕೊಂಡು ಪಾಠ ಶುರುಮಾಡಿದೆ. ತಂದೆ ಹೇಳಿದ್ದು ಎರಡು ಸಾಮಾನ್ಯ ವಾಕ್ಯ. ಅವನ್ನು ಸೇರಿಸುವಾಗ ‘ಒಪ್ಪಿರುವುದರಿಂದ’ ಎಂದಾಗಬೇಕಿತ್ತು. ಹುಡುಗ ಕೈತಪ್ಪಿ ‘ಒಪ್ಪಿದರೆ’ ಎಂದು ಬರೆದ. ‘ದರಿಂದ’ ಎಂದರೆ ಆಗಿಹೋದ ಕಾರಣ, ‘ರೆ’ ಎಂದರೆ ಇನ್ನೂ ಆಗದ ಷರತ್ತು. ದೋಷವೆಲ್ಲ ಒಂದು ಪ್ರತ್ಯಯದ್ದು, ಮನಸ್ಸಿನದಲ್ಲ.

ಅವರು ಕಣ್ಣು ಮುಚ್ಚಿ ಕೇಳಿದರು. ಆಮೇಲೆ, “ಅಂದ್ರೆ ಒಂದು ನಿಂತಿರೋ ಮಾತು, ಒಂದು ಆತ್ಕಂಡಿರೋ ಮಾತು. ಗ್ವಾಡೆಗೆ ಏಣಿ ಆತ್ಕಂಡಂಗೆ” ಎಂದರು.

ಮೂರು ತಿಂಗಳು ಎಂಜಿನ್, ಸ್ಟೂಲು, ಅಂಗಿಯ ಚುಂಗು ಎಂದು ನಾನು ಪಟ್ಟ ಪಾಡನ್ನು ಆ ಹೆಬ್ಬೆಟ್ಟಿನ ಮನುಷ್ಯ ಒಂದೇ ಉಸಿರಿಗೆ ಮುಗಿಸಿಬಿಟ್ಟರು. ನನಗೆ ಹೊಟ್ಟೆಕಿಚ್ಚಾಯಿತು.

“ಸರಿ, ಕೈತಪ್ಪು ಅಂತಲೇ ಇಟ್ಕಳಣ” ಎಂದು ಅವರು ಮೊದಲ ಬಾರಿಗೆ ಮರಿಬಸಪ್ಪನತ್ತ ತಿರುಗಿದರು. “ಅಂಗಾರೆ ಹುಡ್ಗಿ ಒಪ್ಪವ್ಳೆ ಅನ್ನು.”

“ಒಪ್ದೆ ಏನ್ ಮಾಡ್ತಾಳೆ ಯಜಮಾನ್ರೆ?”

“ಕೇಳಿದ್ಯಾ?”

ಮರಿಬಸಪ್ಪ ಮಜ್ಜಿಗೆಯ ಲೋಟದೊಳಗೆ ನೋಡಿದ. “ಹೆಣ್ಮಕ್ಳ ಏನ್ ಕೇಳಾದು? ನಮ್ಮಪ್ಪ ಕೇಳಿದ್ನಾ, ನಿಮ್ಮಪ್ಪ ಕೇಳಿದ್ರಾ?”

ಗುರುಸಿದ್ದಪ್ಪನವರು ನಡುಮನೆಯ ಬಾಗಿಲಿನತ್ತ ನೋಡಿದರು. ಒಳಗೆ ಯಾರೋ ರಾಗಿ ಬೀಸುತ್ತಿದ್ದರು. “ನಾನೂ ನನ್ ಮಗಳ್ನ ಕೇಳ್ನಿಲ್ಲ. ಕೊಟ್ಟ ಮೂರ್ ವರ್ಸಕ್ಕೆ ವಾಪಸ್ ಬಂದ್ಲು. ಒಳಗೆ ಬೀಸ್ತಾವ್ಳಲ್ಲ, ಅವ್ಳೇಯಾ” ಎಂದರು. ಬೀಸುವ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. “ನಾಳೆ ನಾವೇ ಬತ್ತೀವಿ. ಕಾಗ್ದ ಬ್ಯಾಡ. ಅವ್ಳ ಬಾಯಿಂದ ಕೇಳಣ. ಒಪ್ಪಿದ್ರೆ ಅಲ್ಲೇ ವೀಳ್ಯ, ಇಲ್ದಿದ್ರೆ ಇಬ್ರೂ ನೆಮ್ಮದಿಯಾಗಿ ಮನೇಲಿರಾಣ.”

ಮರಿಬಸಪ್ಪ ಸಂಜೆಯೇ ತನ್ನ ಗಾಡಿಯಲ್ಲಿ ಊರಿಗೆ ಹೋದ, ನಾನು ಅಕ್ಕೂರಿನಲ್ಲೇ ಉಳಿದು ಮಾರನೆಯ ಬೆಳಿಗ್ಗೆ ಗುರುಸಿದ್ದಪ್ಪನವರ ಜೊತೆ ಅವರ ಗಾಡಿಯಲ್ಲಿ ಹೊಂಗನೂರಿಗೆ ಬಂದೆ. ಗಾಡಿ ಹೊಡೆದವನು ಅವರ ಮಗ ಲಿಂಗಣ್ಣ, ಮದುವೆಯ ಹುಡುಗನೇ. ಅವನಿಗೆ ಯಾರೂ ಏನೂ ಹೇಳಿರಲಿಲ್ಲ. ಹೆಣ್ಣನ್ನು ಕೇಳದವರು ಗಂಡನ್ನು ಕೇಳುತ್ತಿದ್ದರೆಂದು ತಿಳಿಯಬೇಡಿ. ಅವನು ಎತ್ತು ಬಿಚ್ಚಿ ಹುಣಸೆಮರದಡಿ ನಿಂತ.

ಮರಿಬಸಪ್ಪನ ಮನೆಯಲ್ಲಿ ಅಂದು ಹುಳು ಹಣ್ಣಾಗಿತ್ತು. ರೇಷ್ಮೆ ಸಾಕಿದವರಿಗೆ ಗೊತ್ತು, ಆ ದಿನ ಮನೆಗೆ ಮಹಾರಾಜರೇ ಬಂದರೂ ಏಳುವಂತಿಲ್ಲ. ಮೈ ಹಳದಿಗೆ ತಿರುಗಿದ ಹುಳುವನ್ನು ಒಂದೊಂದಾಗಿ ಆರಿಸಿ, ಗೂಡು ಕಟ್ಟಲು ಚಂದ್ರಿಕೆಯೆಂಬ ಬಿದಿರು ತಟ್ಟಿಯ ಸುರುಳಿಗಳ ಮೇಲೆ ಬಿಡಬೇಕು. ಕತ್ತಲು ಕತ್ತಲಾದ ಹುಳುವಿನ ಕೋಣೆಯಲ್ಲಿ ಹದಿನಾರು ಹದಿನೇಳರ ಒಬ್ಬ ಹುಡುಗಿ ತಟ್ಟೆಯ ಮುಂದೆ ಕೂತು ಅದನ್ನೇ ಮಾಡುತ್ತಿದ್ದಳು. ಪಕ್ಕದಲ್ಲಿ ಪುಟ್ಟಮಲ್ಲ. ನನ್ನನ್ನು ಕಂಡು ಅವನಿಗೆ ನಿಜವಾಗಿಯೂ ಹೊಟ್ಟೆನೋವು ಬಂದಿರಬೇಕು.

ನಾನು ಮೇಷ್ಟ್ರ ಗತ್ತಿನಿಂದ, “ಏನೋ, ಒಂದು ‘ರೆ’ಯಿಂದ ಎಷ್ಟು ಜನಕ್ಕೆ ತೊಂದರೆ ಮಾಡಿದ್ದೀಯಾ ಗೊತ್ತೇ?” ಎಂದೆ.

“ನಾ ಬರೀನಿಲ್ಲ ಸಾ” ಎಂದ ಅವನು, ಅಳು ನುಂಗಿಕೊಂಡು. “ಅಕ್ಕ ಬರ್ದಿದ್ದು. ಮನೆಪಾಠಾನೂ ಅಕ್ಕಾನೇ ಬರೀತದೆ.”

ನನ್ನ ಹನ್ನೆರಡು ಭೇಷ್‌ಗಳೂ ನನ್ನ ಶಾಲೆಯ ಹೊಸ್ತಿಲನ್ನೇ ಕಾಣದ ಈ ಹುಡುಗಿಗೆ ಸೇರಿದ್ದವು. ಊರ ಶಾಲೆಯಲ್ಲಿ ಮೂರನೆಯ ತರಗತಿಗೆ ಬಿಡಿಸಿದ್ದರಂತೆ. ಆಮೇಲೆ ತಮ್ಮ ಸಂಜೆ ತಂದು ಒಪ್ಪಿಸಿದ ಪಾಠವನ್ನೇ ಸೊಪ್ಪು ಹೆಚ್ಚುತ್ತಾ ಕಲಿತಿದ್ದಳು. ತಮ್ಮ ದಾರಿಯಲ್ಲಿ ಅರ್ಧ ಮರೆತು ತಂದರೂ ಅವಳು ಪೂರ್ತಿ ಕಲಿತಳು. ನನಗೆ ಸಂತೋಷ, ನಾಚಿಕೆ ಎರಡೂ ಒಟ್ಟಿಗೆ ಬಂದವು.

ಮರಿಬಸಪ್ಪನಿಗೆ ಸಿಟ್ಟು ಬಂತು. “ಏನವ್ವಾ ನಂಜಿ, ನೀನಾ ಬರ್ದಿದ್ದು? ನಾನ್ ಯೋಳಿದ್ದೇನು, ನೀನ್ ಬರ್ದಿದ್ದೇನು?”

ಅವಳು ಹುಳುವಿನಿಂದ ಕಣ್ಣು ತೆಗೆಯಲಿಲ್ಲ. “ನೀನು ಎರಡು ಮಾತು ಯೋಳ್ದೆ. ಮೇಷ್ಟ್ರು ಸೇರ್ಸಿ ಒಂದು ಮಾಡ್ಬೇಕು ಅಂದವ್ರೆ. ಸೇರಿಸ್ದೆ.”

ಆಗ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆದರೆ ಹುಟ್ಟುಗುಣ. “ಸೇರಿಸಿದ್ದು ಸರಿ ತಾಯಿ. ಆದರೆ ಅಲ್ಲಿ ‘ಒಪ್ಪಿರುವುದರಿಂದ’ ಅಂತ ಬರಬೇಕಿತ್ತಲ್ಲವೇ? ಅದು ಗೊತ್ತಿರಲಿಲ್ವೇ?” ಎಂದೆ.

“ಗೊತ್ತಿತ್ತು ಮೇಷ್ಟ್ರೆ” ಎಂದಳು ನಂಜಮ್ಮ. “ಅಂಗ್ ಬರದ್ರೆ ಸುಳ್ಳಾಯ್ತಿತ್ತು. ನನ್ನ ಯಾರೂ ಕೇಳೇ ಇರ್ನಿಲ್ಲ.”

ಮೂರು ತಿಂಗಳು ನಾನು ‘ಆದ್ದರಿಂದ’ ಕಲಿಸಿದ್ದೆ, ‘ಆದರೆ’ ಕಲಿಸಿದ್ದೆ. ವಾಕ್ಯವೊಂದು ಸರಿಯಾಗಿದ್ದೂ ಸುಳ್ಳಾಗಿರಬಹುದು ಎಂದು ಒಂದು ದಿನವೂ ನನಗೆ ಹೊಳೆದಿರಲಿಲ್ಲ. ಎಮ್ಮೆ ಒದ್ದದ್ದಕ್ಕೂ ಅಪ್ಪ ಬೈದದ್ದಕ್ಕೂ ಸಂಬಂಧವಿದೆಯೇ ಎಂದು ಆ ಹುಡುಗನನ್ನು ನಾನು ಕೇಳಿರಲೇ ಇಲ್ಲ.

ಎತ್ತರದ ಮರಿಬಸಪ್ಪ ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. “ಅಂಗಾರೆ ಈಗ ಕೇಳ್ತೀನಿ ಕಣವ್ವ. ನಿಂಗೆ... ಒಪ್ಗೆನಾ?” ಎಂದ. ಅಷ್ಟು ಮೆಲ್ಲಗೆ ಅವನು ಮಾತಾಡಬಲ್ಲ ಎಂದು ಅವನ ಎತ್ತುಗಳಿಗೂ ಗೊತ್ತಿರಲಾರದು.

ನಂಜಮ್ಮನ ಕೈ ನಿಂತಿತು. ಕಣ್ಣು ತುಂಬಿದ್ದನ್ನು ಭುಜದಿಂದ ಒರೆಸಿಕೊಂಡಳು. ಕೈಯಲ್ಲಿ ಹುಳುವಿತ್ತಲ್ಲ. ಆಮೇಲೆ ಅಂದಳು, “ನಾನು ಅವ್ರನ್ನ ನೋಡೇ ಇಲ್ವಲ್ಲಪ್ಪ. ನೋಡಿದ್ರೆ ಯೋಳ್ತೀನಿ.”

“ಇನ್ನೊಂದು ‘ರೆ’ ಮೇಷ್ಟ್ರೆ!” ಎಂದು ಗುರುಸಿದ್ದಪ್ಪನವರು ತೊಡೆ ತಟ್ಟಿ ನಕ್ಕರು. ಬಾಗಿಲಿಗೆ ಹೋಗಿ, “ಲೇ ಲಿಂಗ, ಬಾರ್ಲಾ ಇಲ್ಲಿ, ಒಸಿ ಮಕ ತೋರ್ಸು” ಎಂದು ಕೂಗಿದರು.

ಲಿಂಗಣ್ಣ ಕೈಯಲ್ಲಿ ಎತ್ತಿನ ಹಗ್ಗ ಹಿಡಿದುಕೊಂಡೇ ಓಡಿಬಂದ. ಯಾರಿಗೋ ಏನೋ ಆಗಿದೆ ಎಂದುಕೊಂಡಿದ್ದ. ಹೊಸ್ತಿಲ ಮೇಲೆ ಅವನ ಕಾಲು ಬೀಳುವಷ್ಟರಲ್ಲಿ ನಂಜಮ್ಮ, “ಮೆಟ್ಟು ಆಚೆ ಬುಟ್ಟು ಬನ್ನಿ, ಹುಳ ಐತೆ” ಎಂದಳು. ಅವನು ಮೆಟ್ಟು ಬಿಟ್ಟ. ತಿರುಗಿ ಹೋಗಿ ಹಗ್ಗವನ್ನೂ ಆಚೆಗೆ ಹಾಕಿದ. ಹಿತ್ತಲ ಹಂಡೆಯಲ್ಲಿ ಕೈ ತೊಳೆದು ಪಂಚೆಗೆ ಒರೆಸಿಕೊಳ್ಳುತ್ತಾ ಬಂದ. ಅವನೂ ಹುಳು ಸಾಕುವ ಮನೆಯ ಹುಡುಗ, ಉಳಿದದ್ದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತುಂಬಿದ ಚಂದ್ರಿಕೆಯನ್ನು ಎತ್ತಿಕೊಂಡು ಎದ್ದ ನಂಜಮ್ಮನ ಕೈಯಲ್ಲಿ ಅದು ವಾಲುತ್ತಿರುವುದನ್ನು ಕಂಡು, ಏನೂ ಕೇಳದೆ, ಅದರ ಇನ್ನೊಂದು ತುದಿ ಹಿಡಿದುಕೊಂಡ. ಇಬ್ಬರೂ ಸೇರಿ ಅದನ್ನು ಗೋಡೆಗೆ ಒರಗಿಸಿದರು. ಒಂದು ಹುಳುವೂ ಉದುರಲಿಲ್ಲ.

ನಂಜಮ್ಮ ತಲೆಯೆತ್ತಿ ಅವನನ್ನು ಚೆನ್ನಾಗಿ ನೋಡಿದಳು. ಅವನು ಕಿವಿಯವರೆಗೂ ಕೆಂಪಾಗಿ ತಟ್ಟೆಯನ್ನು ನೋಡಿದ. ಅವಳು ಮತ್ತೆ ಕೂತು, ಒಂದು ಹುಳು ಆರಿಸಿ, ಅದು ಹಣ್ಣಾಗಿದೆಯೇ ಎಂದು ಬೆಳಕಿಗೆ ಹಿಡಿದು, ಆಮೇಲೆ ನನ್ನ ಕಡೆ ತಿರುಗಿದಳು.

“ಈಗ ಬರ್ಕಳಿ ಮೇಷ್ಟ್ರೆ” ಎಂದಳು, “‘ಒಪ್ಪಿರುವುದರಿಂದ’ ಅಂತ.”